ಪೆಟ್ಟಿಗೆ ಸೇರಿದ ಕಿಳ್ಳೇಕ್ಯಾತ

ದೂರದರ್ಶನದ ಯಂತ್ರ ಹಿಡಿದುಕೊಟ್ಟ ಮೊದಲ ಮುಖ ಮನುಷ್ಯನದಲ್ಲ, ಗೊಂಬೆಯದು. ೧೯೨೫ನೆಯ ಇಸವಿಯ ಅಕ್ಟೋಬರಿನಲ್ಲಿ ಜಾನ್ ಲೋಗಿ ಬೇರ್ಡ್ ಎಂಬ ಸ್ಕಾಟ್ಲೆಂಡಿನವನು ಲಂಡನ್ನಿನ ಒಂದು ಅಟ್ಟದ ಕೋಣೆಯಲ್ಲಿ ತಾನು ಕಟ್ಟಿದ ಯಂತ್ರದ ಮುಂದೆ ಮಾತನಾಡುವ ಗೊಂಬೆಯೊಂದರ ತಲೆಯನ್ನು ನಿಲ್ಲಿಸಿ ಅದರ ಚಹರೆಯನ್ನು ತೆರೆಯ ಮೇಲೆ ಕಂಡನು. ಅವನು ಹಚ್ಚಿದ್ದ ದೀಪಗಳ ಕಾವು ಬಹಳ. ಮನುಷ್ಯರು ಅದರ ಮುಂದೆ ಹೆಚ್ಚು ಹೊತ್ತು ಕುಳಿತಿರುವುದು ಕಷ್ಟ. ಗೊಂಬೆ ಕುಳಿತಿತು. ಅದರ ಬಣ್ಣ ಬಿರಿಯಿತು, ಕೂದಲು ಸೀದಿತು, ಆದರೂ ಕುಳಿತಿತು. ಹುಟ್ಟುವಾಗಲೇ ಹೀಗೆ ಗೊಂಬೆಯ ಋಣ ಹೊತ್ತ ಈ ಪೆಟ್ಟಿಗೆ ಮುಂದೆ ಗೊಂಬೆಯನ್ನು ಹೇಗೆ ನಡೆಸಿಕೊಂಡಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಗೊಂಬೆಗಳ ಹಾಸ್ಯವನ್ನು ಮೆಚ್ಚುವವರೆಲ್ಲರೂ 'ಮಪೆಟ್ ಷೋ' ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಅಮೆರಿಕದ ಜಿಮ್ ಹೆನ್ಸನ್ ಅದನ್ನು ತನ್ನ ದೇಶದ ಟಿ.ವಿ. ಕಂಪನಿಗಳ ಮುಂದೆ ಇಟ್ಟಾಗ ಯಾರೂ ಕೊಳ್ಳಲಿಲ್ಲ. ಗೊಂಬೆ ಎಂದರೆ ಮಕ್ಕಳ ಆಟ, ದೊಡ್ಡವರು ನೋಡುವುದಿಲ್ಲ ಎಂಬುದು ಅವರ ಎಣಿಕೆ. ಕೊನೆಗೆ ಇಂಗ್ಲೆಂಡಿನ ನಿರ್ಮಾಪಕರೊಬ್ಬರು ಕೈಹಿಡಿದರು. ೧೯೭೬ರಿಂದ ೧೯೮೧ರವರೆಗೆ ೧೨೦ ಕಂತುಗಳು ಬಂದು ಪ್ರಪಂಚವನ್ನೆಲ್ಲ ನಗಿಸಿದವು. ಅದೇ ಗೊಂಬೆಗಳನ್ನು ಅಮೆರಿಕದ ಕಂಪನಿಯೊಂದು ೨೦೧೫ರ ಸೆಪ್ಟೆಂಬರಿನಲ್ಲಿ ಹೊಸದೊಂದು ಧಾರಾವಾಹಿಯಲ್ಲಿ ಕುಣಿಸಹೊರಟಿತು. ಕರ್ಮಿಟ್ ಎಂಬ ಕಪ್ಪೆಗೂ ಪಿಗ್ಗಿ ಎಂಬ ಹಂದಿ ಅಮ್ಮಣ್ಣಿಗೂ ಸಂಬಂಧ ಹರಿಯಿತೆಂದು ಪತ್ರಿಕೆಗಳಲ್ಲಿ ಸಾರಿದರು. ಗೊಂಬೆಗಳನ್ನು ಕಚೇರಿಯಲ್ಲಿ ಕೂಡಿಸಿ, ಕ್ಯಾಮರದ ಮುಂದೆ ಒಬ್ಬೊಬ್ಬರಾಗಿ ಮನಸ್ಸಿನ ಮಾತು ಹೇಳಿಸಿದರು. ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ. ನಡುವೆ ಕಥೆಯ ಮೇಲ್ವಿಚಾರಕರನ್ನು ಬದಲಾಯಿಸಿ ನೋಡಿದರು, ಕೊಂಚ ನಗೆ ಮರಳಿತು. ಆದರೆ ೧೬ ಕಂತಿಗೆ ಆಟ ಮುಗಿಯಿತು.

ಎಲ್ಲಿಯ ಕಪ್ಪೆ, ಎಲ್ಲಿಯ ನಾವು ಎಂದು ಓದುಗರು ಕೇಳಬಹುದು. ನಮ್ಮಲ್ಲಿಯೂ ಒಬ್ಬ ನಗಿಸುವ ಗೊಂಬೆಯಿದ್ದಾನೆ. ಅವನ ಹೆಂಡತಿಯೂ ಜಗಳಗಂಟಿಯೇ. ಅವನಿಗೆ ಬಂದ ಸಂಕಟವೂ ಇದೇ ಜಾತಿಯದು. ವ್ಯತ್ಯಾಸವೇನೆಂದರೆ ಅವನ ಪರವಾಗಿ ಪತ್ರಿಕೆಗಳಿಗೆ ಕಾಗದ ಬರೆದ ಅಭಿಮಾನಿಗಳು ಕಡಮೆ. ಅಂಥ ಒಬ್ಬ ಅಭಿಮಾನಿಯ ಕಾಗದವೆಂದೇ ಈ ಲೇಖನವನ್ನು ತಿಳಿಯಬಹುದು.

ಅವನ ಹೆಸರು ಕಿಳ್ಳೇಕ್ಯಾತ. ಹೆಂಡತಿಯ ಹೆಸರು ಬಂಗಾರಕ್ಕ. ಇಬ್ಬರೂ ಚರ್ಮದ ಗೊಂಬೆಗಳು. ತೊಗಲುಗೊಂಬೆಯ ಪರದೆಯ ಮೇಲೆ ರಾಮಲಕ್ಷ್ಮಣರು, ಕೌರವ ಪಾಂಡವರು ಸಾಲಂಕೃತರಾಗಿ, ಮೈಯೆಲ್ಲ ಚಿತ್ತಾರವಾಗಿ ಹೊಳೆಯುತ್ತಾರೆ. ಕಿಳ್ಳೇಕ್ಯಾತ ಕಪ್ಪು, ಹೊಟ್ಟೆ ಮುಂದಕ್ಕೆ, ತಲೆ ಕೆದರಿಕೊಂಡು, ತುಟಿ ದಪ್ಪ. ವಾಲ್ಮೀಕಿಯಲ್ಲಿ ಅವನಿಲ್ಲ, ವ್ಯಾಸರಿಗೆ ಅವನ ಗುರುತಿಲ್ಲ. ಗಣಪತಿಯ ಪೂಜೆ, ಶಾರದೆಯ ಸ್ತುತಿ ಮುಗಿದ ಕೂಡಲೆ ಯಾರೂ ಕರೆಯದೆ ಇವನು ಬಂದುಬಿಡುತ್ತಾನೆ. ಆಮೇಲೆ ರಾತ್ರಿಯೆಲ್ಲ, ಕಥೆಗೆ ಬಿಡುವು ಸಿಕ್ಕಿದಾಗಲೆಲ್ಲ, ಗಂಡಹೆಂಡಿರಿಬ್ಬರೂ ಪರದೆಯ ಮೇಲೆ ಜಗಳ ಹೂಡುತ್ತಾರೆ. ಈ ಜಗಳ ಎಷ್ಟು ಶತಮಾನಗಳಿಂದ ನಡೆದಿದೆಯೋ ತಿಳಿಯದು. ಒಂದಂತೂ ನಿಜ, ಇವರ ಸಂಬಂಧ ಹರಿಯಿತೆಂದು ಯಾವ ಪತ್ರಿಕೆಯೂ ಸಾರಬೇಕಾಗಿ ಬಂದಿಲ್ಲ.

ಈ ಗೊಂಬೆಯ ಕಥೆಯನ್ನು ಹೇಳಲು ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಗಿಂತ ಒಳ್ಳೆಯ ನೆಲೆ ಸಿಕ್ಕುವುದು ಕಷ್ಟ. ಮೊದಲನೆಯದಾಗಿ ಅದು ಗಡಿ. ಯಳಂದೂರು ಮೈಸೂರಿನದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅದರ ಪಕ್ಕದ ಕೊಳ್ಳೇಗಾಲವಾದರೋ ೧೯೫೬ರ ನವೆಂಬರ್ ೧ರವರೆಗೆ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕಾಗಿತ್ತು. ಈಚೆಗೆ ತಾನೇ ಒಂದು ತಾಲ್ಲೂಕಾದ ಹನೂರು ಆಗ ಅದರ ಒಳಗೇ ಇತ್ತು. ಹನೂರಿನಿಂದ ಮಲೆ ಮಹದೇಶ್ವರನ ಬೆಟ್ಟ ಹತ್ತಿ ಆಚೆಗೆ ಪಾಲಾರಿನತ್ತ ಇಳಿದರೆ ಮೇಟೂರು, ತಮಿಳುನಾಡು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ, ಸಂತೆಯಲ್ಲಿ ಎರಡೂ ಎಂಬ ಬಾಳನ್ನು ತಲೆಮಾರುಗಟ್ಟಲೆ ಬಾಳಿದ ಜನ ಅಲ್ಲಿಯವರು. ಇದನ್ನು ಏಕೆ ಹೇಳಬೇಕಾಯಿತು ಎಂಬುದು ಮುಂದೆ ತಿಳಿಯುತ್ತದೆ.

ಎರಡನೆಯದಾಗಿ, ರಾತ್ರಿಯೆಲ್ಲ ಕುಳಿತು ಕಥೆ ಕೇಳುವ ಅಭ್ಯಾಸ ಆ ನೆಲದಲ್ಲಿ ಬಹಳ ಆಳವಾದದ್ದು. ಕಂಸಾಳೆ ಹಿಡಿದ ದೇವರಗುಡ್ಡರು ಮಾದೇಶ್ವರನ ಕಥೆ ಹಾಡುತ್ತಾರೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುತ್ತಾರೆ. ಚಿಕ್ಕಲ್ಲೂರಿನ ಜಾತ್ರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಕಥೆಗಳು ದೇವರ ಕಥೆಗಳೆಂದು ಕೇಳುವವರು ಗಂಟು ಮುಖ ಹಾಕಿಕೊಂಡು ಕೂರುವುದಿಲ್ಲ. ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ, ಮೈಗೆ ನೊಣ ಮುತ್ತಿಸಿಕೊಂಡು, ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಒಳಗೆ ಲಕ್ಷದ ತೊಂಬತ್ತಾರು ಸಾವಿರ ಜಂಗಮರ ಪೈಕಿ ನಿಜವಾದ ಶರಣರೆಷ್ಟು ಮಂದಿ ಎಂಬುದು ಬಯಲಾಗುತ್ತದೆ. ಆ ಸಂದರ್ಭದಲ್ಲಿ ಕೇಳುವವರು ನಗುತ್ತಾರೆ, ನಕ್ಕು ಕೈಮುಗಿಯುತ್ತಾರೆ. ಭಕ್ತಿಗೂ ಗೇಲಿಗೂ ನಡುವೆ ಗೋಡೆ ಎಬ್ಬಿಸದ ಈ ಮನಸ್ಸೇ ಕಿಳ್ಳೇಕ್ಯಾತನಿಗೆ ಬೇಕಾದ ಮಣ್ಣು.

ಇನ್ನು ಆಟ ಆಡಿಸುವವರ ಸಂಗತಿ. ಅವರನ್ನು ಮೈಸೂರು ಸೀಮೆಯಲ್ಲಿ ಕಿಳ್ಳೇಕ್ಯಾತರೆಂದೂ ಗೊಂಬೆರಾಮರೆಂದೂ, ಉತ್ತರದಲ್ಲಿ ಸಿಳ್ಳೇಕ್ಯಾತರೆಂದೂ ಕಟಬರೆಂದೂ ಕರೆಯುವುದುಂಟು. ಜನಾಂಗಕ್ಕೆ ಹೆಸರು ಬಂದದ್ದು ಈ ಹಾಸ್ಯಗೊಂಬೆಯಿಂದಲೇ ಎಂಬ ಅಭಿಪ್ರಾಯವಿದೆ. ರಾಮನ ಗೊಂಬೆ ಆಡಿಸುವವರಿಗೆ ಕೋಡಂಗಿಯ ಹೆಸರು ನಿಂತದ್ದನ್ನು ನೋಡಿದರೆ, ಹಳ್ಳಿಯವರು ಬೆಳಗಾದ ಮೇಲೆ ಯಾರನ್ನು ನೆನೆಯುತ್ತಿದ್ದರೆಂಬುದು ಸ್ಪಷ್ಟ. ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿಯೂ, ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರು ಜಾತಿಗಳ ಗ್ರಂಥದಲ್ಲಿಯೂ ಇವರ ಪ್ರಸ್ತಾಪ ಬರುತ್ತದೆ. ಗಂಡಸರು ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವುದು, ಹೆಂಗಸರು ಹಚ್ಚೆ ಹಾಕುವುದು, ಸುಗ್ಗಿ ಮುಗಿದ ಮೇಲೆ ಊರೂರು ಅಲೆದು ಗೊಂಬೆ ಆಡಿಸುವುದು: ಇದು ಅವರ ಹಳೆಯ ಬದುಕು. ಪರದೆಯ ಹಿಂದೆ ದುಡಿಯುವುದು ಒಂದೇ ಸಂಸಾರ. ಗಂಡ ಹಾಡಿ ಗೊಂಬೆ ಕುಣಿಸಿದರೆ ಹೆಂಡತಿ ಸೀತೆಗೂ ದ್ರೌಪದಿಗೂ ಧ್ವನಿ ಕೊಡುತ್ತಾಳೆ. ಬಂಗಾರಕ್ಕನ ಜಗಳಕ್ಕೆ ಕಳೆ ಬರುತ್ತಿದ್ದದ್ದು ಇದರಿಂದಲೂ ಇರಬಹುದು.

ಇಲ್ಲಿ ಒಂದು ವಿಚಿತ್ರವಿದೆ. ಈ ಜನರ ಮನೆಮಾತು ಕನ್ನಡವಲ್ಲ, ಮರಾಠಿಯ ಒಂದು ಪ್ರಭೇದ. ತಮಿಳುನಾಡಿನಲ್ಲಿ ಚರ್ಮದ ಗೊಂಬೆ ಆಡಿಸುವವರ ಮನೆಮಾತೂ ಅದೇ. ತೆಲುಗು ನಾಡಿನಲ್ಲಿಯೂ ಬಹುಮಟ್ಟಿಗೆ ಅದೇ. ಒಂದು ಮನೆತನ ಮೂರು ನಾಡಿಗೆ ಹಂಚಿಹೋದಂತೆ ಇವರು ಹರಡಿಕೊಂಡಿದ್ದಾರೆ. ಹೋದ ಹೋದ ಕಡೆ ರಾಮಾಯಣವನ್ನು ಆ ನಾಡಿನ ಭಾಷೆಗೆ ತಿರುಗಿಸಿದರು. ಕೋಡಂಗಿಯನ್ನೂ ತಿರುಗಿಸಿದರು. ತಮಿಳಿನಲ್ಲಿ ಅವನು ಜುಟ್ಟಿನ ಉಚ್ಚಿಕ್ಕುಡುಮಿ. ಜೊತೆಗೆ ಉಳುವತ್ತಲೆಯನ್ ಎಂಬ ಇನ್ನೊಬ್ಬ. ತೆಲುಗಿನಲ್ಲಿ ಜುಟ್ಟುಪೋಲಿಗಾಡು, ಅವನ ಜೋಡಿಯೂ ಬಂಗಾರಕ್ಕನೇ. ಹೆಸರನ್ನೂ ಬದಲಾಯಿಸದೆ ಎರಡು ರಾಜ್ಯಗಳಲ್ಲಿ ಎರಡು ಸಂಸಾರ ಹೂಡಿದ ಹೆಂಗಸು ಇವಳೊಬ್ಬಳೇ ಇರಬೇಕು.

ಪರದೆಯ ಮೇಲಿನ ಭಾಷೆಯನ್ನು ಗಮನಿಸಿ. ರಾಮ, ಧರ್ಮರಾಯ, ಭೀಷ್ಮ ಇವರದು ಗ್ರಂಥದ ಕನ್ನಡ, ಸಂಸ್ಕೃತದ ಸಂಬೋಧನೆಗಳು, ತೂಕದ ಮಾತು. ಕಿಳ್ಳೇಕ್ಯಾತ ಬಾಯಿ ಬಿಟ್ಟರೆ ಅದು ಆಟ ನಡೆಯುವ ಊರಿನ ಆಡುಮಾತು. ಹಕಾರವನ್ನು ನುಂಗಿ 'ಅಳ್ಳಿ' ಎನ್ನುವ ಸೀಮೆಗೆ ಬಂದರೆ ಅವನೂ 'ಅಳ್ಳಿ' ಎನ್ನಬೇಕು. ಇಲ್ಲವಾದರೆ ಯಾರೂ ನಗುವುದಿಲ್ಲ. ಪದ್ಯವನ್ನು ಗುರುವಿನಿಂದಲೋ ತಂದೆಯಿಂದಲೋ ಬಾಯಿಪಾಠ ಮಾಡಿಕೊಂಡು ಬಿಡಬಹುದು. ಈ ಮಾತನ್ನು ಮಾತ್ರ ಪ್ರತಿ ಊರಿನಲ್ಲೂ ಹೊಸದಾಗಿ ಕಲಿಯಬೇಕು. ಮನೆಯಲ್ಲಿ ಮರಾಠಿಯಾಡುವವನು ಕೊಳ್ಳೇಗಾಲದವರನ್ನು ಕೊಳ್ಳೇಗಾಲದ ಕನ್ನಡದಲ್ಲಿಯೇ ಅಣಕಿಸಿ ನಗಿಸಬೇಕಾದರೆ ಅವನ ಕಿವಿ ಎಷ್ಟು ಸೂಕ್ಷ್ಮವಾಗಿರಬೇಕು! ಹೊರಗಿನವನಾದ್ದರಿಂದಲೇ ಅವನಿಗೆ ಅದು ಕೇಳಿಸಿತೇನೋ. ನಮ್ಮ ಮಾತಿನ ಸೊಟ್ಟು ನಮಗೆ ಕೇಳಿಸುವುದಿಲ್ಲ. ಕಚೇರಿಗೊಂದು, ಮನೆಗೊಂದು ಭಾಷೆ ಇಟ್ಟುಕೊಂಡು ಬಾಳಿದ ಗಡಿನಾಡಿನವರಿಗೆ ಈ ಮಾತು ಬೇಗ ಅರ್ಥವಾದೀತು; ಮೇಲೆ ಆಡಳಿತದ ಸಂಗತಿ ಎತ್ತಿದ್ದು ಇದಕ್ಕಾಗಿಯೇ.

ಕಿಳ್ಳೇಕ್ಯಾತ ಮಾಡುವ ಕೆಲಸ ನಗಿಸುವುದೊಂದೇ ಅಲ್ಲ. ಪರದೆಯ ಹಿಂದೆ ಮುಂದಿನ ಸನ್ನಿವೇಶದ ಗೊಂಬೆಗಳನ್ನು ಹೊಂದಿಸಿಕೊಳ್ಳಬೇಕು, ದೀಪಕ್ಕೆ ಎಣ್ಣೆ ಬೇಕು, ಹಾಡಿದ ಗಂಟಲಿಗೆ ಬಿಡುವು ಬೇಕು. ಆಗೆಲ್ಲ ಇವನೇ ಮುಂದೆ. ಮಲಗಿದ ಮಕ್ಕಳನ್ನು ಎಬ್ಬಿಸುವವನು ಇವನು, ಊರಿನ ಯಜಮಾನನನ್ನು ಹೊಗಳುವ ನೆಪದಲ್ಲಿ ಕಾಲೆಳೆಯುವವನು ಇವನು, ದವಸ ಕಾಸು ಕೊಟ್ಟವರ ಹೆಸರು ಕೂಗುವವನು ಇವನು. ಗೊಂಬೆಯಾಟದವನು ತನ್ನ ಬಾಯಲ್ಲಿ ಆಡಿದರೆ ಏಟು ತಿನ್ನಬೇಕಾದ ಮಾತನ್ನು ಕಿಳ್ಳೇಕ್ಯಾತ ಆಡಿದರೆ ನಕ್ಕು ಬಿಡುತ್ತಿದ್ದರು. ಕೆಳಗಿನ ಮಟ್ಟದಲ್ಲಿ ಬದುಕಿದ ಒಂದು ಜನಾಂಗಕ್ಕೆ ವರ್ಷದಲ್ಲಿ ಕೆಲವು ರಾತ್ರಿ ದೊರೆಯುತ್ತಿದ್ದ ಸ್ವಾತಂತ್ರ್ಯ ಅದು, ಅದೂ ಒಂದು ಚರ್ಮದ ತುಂಡಿನ ಮರೆಯಲ್ಲಿ ನಿಂತು.

ಅವನ ಮಾತಿನಲ್ಲಿ ಅಶ್ಲೀಲ ಇರಲಿಲ್ಲವೇ ಎಂದರೆ, ಇತ್ತು, ಧಾರಾಳವಾಗಿಯೇ ಇತ್ತು. ಗೊಂಬೆಯ ಆಕಾರದಲ್ಲಿಯೇ ಇತ್ತು. ಓದು ಬರಹ ಕಲಿತವರು ಮೂಗು ಮುರಿದರು. ಹೆಂಗಸರು ಮಕ್ಕಳು ಕೂತಿರುವ ಕಡೆ ಇದೆಂಥದು ಎಂದರು. ಆದರೆ ಆ ಹೆಂಗಸರು ಮಕ್ಕಳೇ ನಗುತ್ತಿದ್ದರೆಂಬುದನ್ನು ಮರೆತರು. ಮಳೆ ಬರಲೆಂದು, ದನಕರುಗಳ ರೋಗ ಕಳೆಯಲೆಂದು ಹಳ್ಳಿಯವರು ಗೊಂಬೆಯಾಟ ಆಡಿಸುತ್ತಿದ್ದ ಪದ್ಧತಿಯನ್ನು ನೆನೆದರೆ, ಫಲವಂತಿಕೆಗೂ ಈ ಬಿಚ್ಚು ಮಾತಿಗೂ ಏನೋ ನಂಟು ಇದ್ದಿರಬೇಕೆಂದು ನನಗೆ ತೋರುತ್ತದೆ. ನಗು ಬಾರದ ಊರಿಗೆ ಮಳೆ ಬರುವುದು ಹೇಗೆ?

ಈ ಕೋಡಂಗಿಗಳ ವಂಶಾವಳಿ ದೊಡ್ಡದು. ಜರ್ಮನಿಯ ಸಂಸ್ಕೃತ ಪಂಡಿತ ರಿಚರ್ಡ್ ಪಿಶೆಲ್ ೧೯೦೦ರಲ್ಲಿ ಮಾಡಿದ ಒಂದು ಭಾಷಣದಲ್ಲಿ, ಗೊಂಬೆಯಾಟದ ತವರು ಭಾರತವೇ ಎಂದು ವಾದಿಸಿದನು. ನಾಟಕದ ಸೂತ್ರಧಾರನ ಹೆಸರಿನಲ್ಲಿ ಗೊಂಬೆಯ ದಾರವಿದೆ, ನಮ್ಮ ವಿದೂಷಕನೇ ಯೂರೋಪಿನ ಗೊಂಬೆ ಕೋಡಂಗಿಗಳ ಮೂಲಪುರುಷ ಎಂದನು. ಇಂಗ್ಲೆಂಡಿನ ಪಂಚ್ ಎಂಬ ಗೊಂಬೆಯೂ ಆ ಲೆಕ್ಕಕ್ಕೆ ಬಂದುಬಿಟ್ಟಿತು. ೧೬೬೨ರ ಮೇ ೯ರಂದು ಅದರ ಆಟ ನೋಡಿದುದಾಗಿ ಸ್ಯಾಮ್ಯುಯೆಲ್ ಪೀಪ್ಸನ ದಿನಚರಿಯಲ್ಲಿದೆ. ಪಿಶೆಲನ ವಾದವನ್ನು ಪಂಡಿತರೆಲ್ಲ ಒಪ್ಪಲಿಲ್ಲ, ನಾವೂ ಹೆಮ್ಮೆಗಾಗಿ ಒಪ್ಪಬೇಕಾಗಿಲ್ಲ. ಜಾವಾ ದ್ವೀಪದ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿಯ ಚರ್ಮದ ಗೊಂಬೆಗಳಲ್ಲಿ ಸೆಮಾರ್ ಎಂಬ ಡೊಳ್ಳು ಹೊಟ್ಟೆಯ ಸೇವಕ ತನ್ನ ಮಕ್ಕಳೊಡನೆ ನಡುರಾತ್ರಿಯ ಹೊತ್ತಿಗೆ ಬಂದು ಮಹಾಭಾರತವನ್ನು ನಿಲ್ಲಿಸಿ ಹಾಸ್ಯ ಮಾಡುತ್ತಾನೆ. ವ್ಯಾಸರಿಗೆ ಅವನೂ ಅಪರಿಚಿತ. ಆದರೆ ಅವನು ಸೇವಕನ ವೇಷದಲ್ಲಿರುವ ದೇವರು ಎಂದು ಜಾವಾದವರು ಹೇಳುತ್ತಾರೆ. ನಾವು ನಮ್ಮ ಕೋಡಂಗಿಗೆ ಅಷ್ಟು ದೊಡ್ಡ ಪದವಿ ಕೊಡಲಿಲ್ಲ.

ಕೊಳ್ಳೇಗಾಲದ ಹಳೆಯ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿನಿಂದ ಪಶ್ಚಿಮಕ್ಕೆ ಘಟ್ಟದ ಕಂಡಿ ದಾಟಿದರೆ ಪಾಲಕ್ಕಾಡು. ಅಲ್ಲಿಯ ಭದ್ರಕಾಳಿಯ ಗುಡಿಗಳ ಎದುರಿಗೆ ಗೊಂಬೆಯಾಟಕ್ಕೆಂದೇ ಕಟ್ಟಿದ ಮಾಡಗಳಿವೆ. ೨೧ ದೀಪಗಳನ್ನು ಸಾಲಾಗಿ ಹಚ್ಚಿ ಕಂಬ ರಾಮಾಯಣವನ್ನು ರಾತ್ರಿ ರಾತ್ರಿ ಆಡುತ್ತಾರೆ. ದಾರಿಕಾಸುರನೊಡನೆ ಹೋರಾಡುತ್ತಿದ್ದ ದೇವಿಗೆ ರಾಮರಾವಣರ ಯುದ್ಧ ನೋಡಲಾಗಲಿಲ್ಲವಂತೆ. ಅವಳಿಗೆ ತೋರಿಸಲೆಂದು ಈ ಆಟ. ಎಷ್ಟೋ ರಾತ್ರಿ ಮುಂದೆ ಒಬ್ಬ ಮನುಷ್ಯನೂ ಇರುವುದಿಲ್ಲ. ಆದರೂ ಆಟ ನಡೆಯುತ್ತದೆ, ದೇವಿ ನೋಡುತ್ತಿದ್ದಾಳಲ್ಲ! ಈ ಸಂಗತಿಯನ್ನು ಓದಿದಾಗಲೇ ನನಗೆ ನಮ್ಮ ಕಿಳ್ಳೇಕ್ಯಾತನ ಕಷ್ಟ ಸರಿಯಾಗಿ ಹೊಳೆದದ್ದು. ರಾಮನ ಪಟ್ಟಾಭಿಷೇಕವನ್ನು ದೇವರೊಬ್ಬಳಿಗಾಗಿ ಆಡಬಹುದು. ಹಾಸ್ಯವನ್ನು ಖಾಲಿ ಬಯಲಿಗೆ ಆಡಲಾಗುವುದಿಲ್ಲ. ಎದುರಿಗೆ ಒಬ್ಬ ಯಜಮಾನ ಕೂತಿರಬೇಕು, ಅವನ ಮಗ್ಗುಲಲ್ಲಿ ಅವನಿಗಾಗದವನೊಬ್ಬ ಕೂತಿರಬೇಕು, ಹಿಂದಿನಿಂದ ಯಾವಳೋ ಮುದುಕಿ ಕಿಳ್ಳೇಕ್ಯಾತನಿಗೆ ಎದುರುತ್ತರ ಕೊಡಬೇಕು.

ಹೆನ್ಸನ್ ಇದನ್ನು ಅರಿತಿದ್ದನು. ಅವನ ಹಳೆಯ ಆಟ ನಾಟಕಶಾಲೆಯೊಂದರಲ್ಲಿ ನಡೆಯುವಂತೆ ರಚಿತವಾಗಿತ್ತು. ಪ್ರತಿ ಕಂತಿಗೂ ಒಬ್ಬ ನಿಜವಾದ ಮನುಷ್ಯ ಅತಿಥಿಯಾಗಿ ಬರುತ್ತಿದ್ದನು. ಮೇಲೆ ಉಪ್ಪರಿಗೆಯಲ್ಲಿ ಇಬ್ಬರು ಮುದುಕ ಗೊಂಬೆಗಳು ಕೂತು ಎಲ್ಲವನ್ನೂ ಹಳಿಯುತ್ತಿದ್ದವು. ಅಂದರೆ ಊರಿನ ಜನವನ್ನೂ ಗೊಂಬೆ ಮಾಡಿ ಪೆಟ್ಟಿಗೆಯೊಳಕ್ಕೆ ಸೇರಿಸಿಕೊಂಡಿದ್ದನು. ೨೦೧೫ರವರು ನಾಟಕಶಾಲೆಯನ್ನು ತೆಗೆದು ಕಚೇರಿ ಇಟ್ಟರು. ನನ್ನ ಮಟ್ಟಿಗೆ ಅವರ ಆಟ ಸೋತದ್ದು ಅಲ್ಲಿಯೇ. ನಮ್ಮಲ್ಲಿ ಇಂದುಶ್ರೀ ಅವರು ಡಿಂಕು ಎಂಬ ಮಾತನಾಡುವ ಗೊಂಬೆಯನ್ನು ಮಡಿಲಲ್ಲಿ ಕೂರಿಸಿಕೊಂಡು ಜನರನ್ನು ನಗಿಸಿದ ಗುಟ್ಟೂ ಬೇರೆಯಲ್ಲ. ಗೊಂಬೆಗೆ ಜಗಳವಾಡಲು ಒಬ್ಬರು ಪಕ್ಕದಲ್ಲಿಯೇ ಇದ್ದರು.

ಕಿಳ್ಳೇಕ್ಯಾತನಿಗೆ ಈ ಅನುಕೂಲ ಸಿಕ್ಕಲಿಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರ ೧೯೮೧ರಲ್ಲಿ ಆರಂಭವಾಯಿತು. ಅದಕ್ಕೆ ಮೊದಲೇ ಸಿನಿಮಾ ಬಂದು ಗೊಂಬೆಯಾಟದ ಜನವನ್ನು ಕರಗಿಸಿತ್ತು. ಆದರೆ ನಿಜವಾದ ಪೆಟ್ಟು ಬಿದ್ದದ್ದು ೧೯೮೭ರ ಜನವರಿ ೨೫ರಂದು ಎನ್ನಬೇಕು. ಅಂದು ರಮಾನಂದ ಸಾಗರರ 'ರಾಮಾಯಣ' ಆರಂಭವಾಯಿತು. ೧೯೮೮ರ ಜುಲೈ ಕೊನೆಯವರೆಗೆ ೭೮ ಭಾನುವಾರ ಅದು ನಡೆಯಿತು. ಅದೇ ವರ್ಷ 'ಮಹಾಭಾರತ' ಮೊದಲಾಗಿ ೧೯೯೦ರವರೆಗೆ ಬಂತು. ಗೊಂಬೆಯಾಟದವರ ಸರಕೆಲ್ಲ ಇವೆರಡೇ ಕಥೆ. ಎರಡನ್ನೂ ಒಂದರ ಹಿಂದೊಂದು ಪುಕ್ಕಟೆಯಾಗಿ ಮನೆಗೇ ತಂದುಕೊಟ್ಟ ಮೇಲೆ ಹೊಳೆಯ ದಂಡೆಯಿಂದ ಬರುವ ಸಂಸಾರಕ್ಕೆ ದವಸ ಅಳೆಯುವವರು ಯಾರು? ಹಿಂದಿ ತಿಳಿಯದ ಹಳ್ಳಿಗಳಲ್ಲಿಯೂ ಜನ ಪೆಟ್ಟಿಗೆಯ ಮುಂದೆ ಕಿಕ್ಕಿರಿದರು. ಆ ರಾಮಾಯಣದಲ್ಲಿ ಎಲ್ಲರೂ ಇದ್ದರು, ಕಿಳ್ಳೇಕ್ಯಾತನೊಬ್ಬನಿರಲಿಲ್ಲ. ಅವನಿಲ್ಲವೆಂದು ಯಾರಾದರೂ ಕೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಾಗೆಂದು ತೊಗಲುಗೊಂಬೆಯನ್ನು ನಾಡು ಪೂರ್ತಿ ಕೈಬಿಟ್ಟಿತೆಂದರೆ ಅನ್ಯಾಯವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ೧೯೬೮ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯದಲ್ಲಿ, ಜಯಲಕ್ಷ್ಮೀ ವಿಲಾಸದಲ್ಲಿ, ತೊಗಲುಗೊಂಬೆಗಳಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಎಂ. ಎಸ್. ನಂಜುಂಡರಾಯರು ಊರೂರು ಅಲೆದು ಗೊಂಬೆಗಳನ್ನು ಕೂಡಿಸಿದರು, ಅವನ್ನು ಕುರಿತು ಗ್ರಂಥ ಬರೆದರು. ಸವೆದ ಗೊಂಬೆಯನ್ನು ಹೊಳೆಗೆ ಬಿಡುವುದು ಆಟದವರ ಹಳೆಯ ವಾಡಿಕೆ; ಇವರು ಬಾರದಿದ್ದರೆ ಎಷ್ಟು ಚಿತ್ರಗಳು ನೀರು ಸೇರುತ್ತಿದ್ದವೋ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ಚರ್ಮದ ಗೊಂಬೆಯಲ್ಲಿ ತೋರಿಸಿ, ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಆ ಕಲೆಯನ್ನು ಬಿಡಲಿಲ್ಲ. ಇವೆಲ್ಲ ದೊಡ್ಡ ಕೆಲಸಗಳೇ.

ಆದರೆ ಈ ಉಪಚಾರದಲ್ಲೆಲ್ಲ ಕೋಡಂಗಿಯ ಪಾಲಿಗೆ ಏನು ಬಂದಿತು? ಗಾಜಿನ ಪೆಟ್ಟಿಗೆ ಚರ್ಮವನ್ನು ಕಾಪಾಡುತ್ತದೆ, ಬಣ್ಣವನ್ನು ಕಾಪಾಡುತ್ತದೆ, ಕೆತ್ತನೆಯನ್ನು ಕಾಪಾಡುತ್ತದೆ. ಹತ್ತು ತಲೆಯ ರಾವಣನಿಗೆ ಅದು ಸಾಕು. ಕಿಳ್ಳೇಕ್ಯಾತನಲ್ಲಿ ನೋಡತಕ್ಕ ಕೆತ್ತನೆ ಹೆಚ್ಚಿಲ್ಲ, ಅವನ ಸೊಗಸೆಲ್ಲ ಬಾಯಲ್ಲಿ. ನಮ್ಮ ತೊಗಲುಗೊಂಬೆಗಳಲ್ಲಿ ದೇವರು ಅರಸರಿಗೆ ದೊಡ್ಡ ಆಕಾರ, ಆಳುಕಾಳುಗಳಿಗೆ ಚಿಕ್ಕ ಆಕಾರ. ಗಾಜಿನ ಹಿಂದೆಯೂ ಅದೇ ಅಂತಸ್ತು. ಇನ್ನು ಉತ್ಸವಗಳು: ಅಲ್ಲಿ ರಾತ್ರಿಯೆಲ್ಲ ನಡೆಯುವ ಆಟವನ್ನು ಮುಕ್ಕಾಲು ಗಂಟೆಗೆ ಇಳಿಸಬೇಕು. ಕಥೆಯನ್ನು ಕತ್ತರಿಸಿದರೆ ಅರ್ಥ ಕೆಡುತ್ತದೆ, ಹಾಡನ್ನು ಕತ್ತರಿಸಿದರೆ ಕಳೆ ಕೆಡುತ್ತದೆ. ಕತ್ತರಿಗೆ ಮೊದಲು ಸಿಕ್ಕುವವನು ಯಾರೆಂದು ಹೇಳಬೇಕಾಗಿಲ್ಲ. ಸರ್ಕಾರದ ಪ್ರಚಾರ ಇಲಾಖೆಗಳೂ ಗೊಂಬೆಯಾಟವನ್ನು ಕರೆಸಿಕೊಂಡವು, ಕುಟುಂಬ ಯೋಜನೆಯಿಂದ ಹಿಡಿದು ನೈರ್ಮಲ್ಯದವರೆಗೆ ಅದರ ಬಾಯಲ್ಲಿ ಹೇಳಿಸಿದವು. ಉದ್ದೇಶ ಒಳ್ಳೆಯದೇ, ಆಟದವರಿಗೆ ನಾಲ್ಕು ಕಾಸೂ ದೊರೆಯಿತು. ಆದರೆ ಬುದ್ಧಿ ಹೇಳುವ ಕಿಳ್ಳೇಕ್ಯಾತನನ್ನು ಎಣಿಸಿಕೊಳ್ಳಿ! ಬಂಗಾರಕ್ಕನೇ ನಂಬಲಾರಳು.

ಈಚಿನ ವರ್ಷಗಳಲ್ಲಿ ಮಾದೇಶ್ವರನ ಕಥೆಯೇ ಕನ್ನಡದ ಖಾಸಗಿ ವಾಹಿನಿಯೊಂದರಲ್ಲಿ ಧಾರಾವಾಹಿಯಾಗಿ ಬಂದು ಹೆಸರು ಮಾಡಿತು. ಹನೂರಿನ ಬೆಟ್ಟದ ದೇವರು ಮನೆಮನೆಯ ತೆರೆಯ ಮೇಲೆ ಕಾಣಿಸಿದಾಗ ಆ ಸೀಮೆಯವರಿಗೆ ಸಂತೋಷವಾಗದಿರುತ್ತದೆಯೇ? ಅದನ್ನು ಕುರಿತು ನನ್ನ ತಕರಾರೇನೂ ಇಲ್ಲ. ಪುರಾಣ ಪೆಟ್ಟಿಗೆಗೆ ಒಗ್ಗುತ್ತದೆ ಎಂಬುದು ಮತ್ತೊಮ್ಮೆ ಸಿದ್ಧವಾಯಿತು. ಎಲ್ಲ ಊರಿಗೂ ಒಂದೇ ರೂಪದಲ್ಲಿ ಹೇಳಬಹುದಾದದ್ದು ಪೆಟ್ಟಿಗೆಗೆ ಒಗ್ಗುತ್ತದೆ. ಕಿಳ್ಳೇಕ್ಯಾತನ ಮಾತು ಯಳಂದೂರಿಗೆ ಒಂದು, ಹತ್ತಾರು ಮೈಲಿ ಆಚೆಯ ಊರಿಗೆ ಇನ್ನೊಂದು. ಬೆಂಗಳೂರಿನಲ್ಲಿ ಕೂತು ಎಲ್ಲರಿಗೂ ಸಲ್ಲುವಂತೆ ಅವನ ಮಾತನ್ನು ಬರೆಯಹೋದರೆ ಅವನು ಯಾವ ಊರಿನವನೂ ಆಗುವುದಿಲ್ಲ. ಇಂದು ಯುವಕರು ಕೈಫೋನಿನಲ್ಲಿ ತಮ್ಮ ತಮ್ಮ ಸೀಮೆಯ ಮಾತಿನಲ್ಲಿಯೇ ಹಾಸ್ಯದ ತುಣುಕುಗಳನ್ನು ತೆಗೆದು ಹಂಚುತ್ತಾರೆ. ಚಾಮರಾಜನಗರದ ಮಾತಿಗೂ ಅಲ್ಲಿ ಕೇಳುಗರಿದ್ದಾರೆ. ಕಿಳ್ಳೇಕ್ಯಾತನ ಹತ್ತಿರದ ನಂಟರು ಇಂದು ಯಾರಾದರೂ ಇದ್ದರೆ ಅವರೇ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಎದುರಿಗೆ ಕೂತ ಯಜಮಾನ ಮಾತ್ರ ಅಲ್ಲಿಯೂ ಇಲ್ಲ.

೨೦೨೫ರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿತು. ಅವರಿಗೆ ಆಗ ೯೬ ವರ್ಷ. ಎಪ್ಪತ್ತಕ್ಕೂ ಹೆಚ್ಚು ವರ್ಷ ಪರದೆಯ ಹಿಂದೆ ಕುಳಿತವರ ಹೆಸರು ರಾಷ್ಟ್ರಪತಿ ಭವನದಲ್ಲಿ ಕೇಳಿಬಂದಿತು, ಜನಾಂಗದ ಹೆಸರಿನೊಡನೆಯೇ. ಹಾಸ್ಯಗೊಂಬೆಯ ಹೆಸರು ಆ ಹೊಸ್ತಿಲು ದಾಟಿದ್ದನ್ನು ಕಂಡು ಅವನ ಅಭಿಮಾನಿಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಥ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಗೊಂಬೆಗಳನ್ನು ಕೂಡಿಸಲು ಹೋದವರು ಈಗ ಧ್ವನಿಮುದ್ರಣದ ಯಂತ್ರ ಹಿಡಿದು ಅವರ ಬಳಿ ಕೂರಬೇಕು. ಪಟ್ಟಾಭಿಷೇಕದ ಹಾಡಿಗೆ ಮೊದಲು ಗಂಡಹೆಂಡಿರ ಜಗಳವನ್ನು, ಯಾವ ಊರಿನಲ್ಲಿ ಯಾವ ಮಾತಿಗೆ ಜನ ನಕ್ಕರೆಂಬುದನ್ನು, ಬೈಗುಳಗಳನ್ನೂ ಬಿಡದೆ, ಬರೆದುಕೊಳ್ಳಬೇಕು. ಹಾಗೆ ಕೇಳಲು ಹೋಗುವವರು ಒಬ್ಬರೇ ಹೋಗಬಾರದು. ಊರಿನ ನಾಲ್ಕು ಮಂದಿಯನ್ನು ಎದುರಿಗೆ ಕೂರಿಸಿಕೊಳ್ಳಬೇಕು.